ಪಿತ್ತದ ಮರೆಯಲ್ಲಿ ಹಬ್ಬುವ ಕ್ಯಾನ್ಸರ್

ತುಳಸಿಗೇರಿಯ ಹನುಮಪ್ಪನ ಗುಡಿಗೆ ಹೋದಾಗಲೆಲ್ಲ ನನಗೆ ಸೋದರಮಾವನ ನೆನಪಾಗುತ್ತದೆ. ಹೊಟ್ಟೆಯ ಉರಿಯನ್ನು ಪಿತ್ತವೆಂದು ಬಗೆದು ವರ್ಷವಿಡೀ ಗುಳಿಗೆ ನುಂಗಿದರು. ಎಂಡೋಸ್ಕೋಪಿ ಮಾಡಿಸುವ ಹೊತ್ತಿಗೆ ಜಠರದ ಕ್ಯಾನ್ಸರ್ ಯಕೃತ್ತನ್ನು ತಲುಪಿತ್ತು. ಈ ರೋಗ ಬಹುಮಟ್ಟಿಗೆ ಕೊಲ್ಲುವುದು ಹೀಗೆ ಹಬ್ಬುವುದರಿಂದಲೇ.

ಗಡ್ಡೆಯ ಜೀವಕೋಶ ತನ್ನ ನೆಲೆ ಬಿಟ್ಟು ಹೊರಡುವುದೇಕೆ? ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಯ ಸಂಕೇತವಿರುವ ಭಾಗ ಶೇ 2ಕ್ಕೂ ಕಡಿಮೆ. ಉಳಿದದ್ದನ್ನು ಅನೇಕ ವಿಜ್ಞಾನಿಗಳು ‘ಕಸ’ವೆಂದರು, ಅವಸರದ ತೀರ್ಪು ಅದು. ಪ್ರೋಟೀನಾಗದ, 200 ಅಕ್ಷರಗಳಿಗೂ ಮಿಗಿಲಾದ ಉದ್ದನೆಯ ಆರ್‌ಎನ್‌ಎ ಎಳೆಗಳು ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. 2007ರಲ್ಲಿ ಅಮೆರಿಕದ ಜಾನ್ ರಿನ್, ಹೊವಾರ್ಡ್ ಚಾಂಗ್ ಮತ್ತು ಸಂಗಡಿಗರು ಗುರುತಿಸಿದ ‘ಹೊಟೇರ್’ ಅಂಥದೊಂದು ಎಳೆ. ಜೀನುಗಳಿಗೆ ಬೀಗ ಜಡಿಯುವ ಪ್ರೋಟೀನುಗಳಿಗೆ ಅದು ದಾರಿ ತೋರಿಸುತ್ತದೆ. ಕೋಶಗಳನ್ನು ಪರಸ್ಪರ ಬೆಸೆದಿಡುವ ಇ-ಕ್ಯಾಡೆರಿನ್‌ನ ಜೀನಿಗೇ ಬೀಗ ಬಿದ್ದರೆ ಕೋಶ ಕಳಚಿಕೊಂಡು ಅಲೆಯತೊಡಗುತ್ತದೆ. ಸ್ತನ ಕ್ಯಾನ್ಸರ್ ಹರಡುವುದಕ್ಕೂ ಹೊಟೇರ್‌ಗೂ ಇರುವ ನಂಟು 2010ರಲ್ಲಿ ಬಯಲಾಯಿತು. 2013ರಲ್ಲಿ ಜಪಾನಿನ ಸಂಶೋಧಕರು ಜಠರದ ಕ್ಯಾನ್ಸರಿನಲ್ಲಿ ಅದನ್ನು ತಗ್ಗಿಸಿದಾಗ, ಇಲಿಗಳ ಉದರದ ಪೊರೆಗೆ ರೋಗ ಹಬ್ಬುವುದು ಕುಗ್ಗಿತು.

ಇಂಥ ಕೆಲವು ಎಳೆಗಳು ರೋಗಿಯ ರಕ್ತದಲ್ಲೂ ಸಿಗುತ್ತವೆ. ಹಾಗಾಗಿ ಮುಂದೊಮ್ಮೆ ರಕ್ತಪರೀಕ್ಷೆಯಿಂದಲೇ ರೋಗ ತಿಳಿದೀತು ಎಂಬ ಆಸೆ ನನಗೂ ಇದೆ. ಆದರೆ ತುಳಸಿಗೇರಿಯ ರೈತನಿಗೆ ಆ ಪರೀಕ್ಷೆ ಇಂದು ದಕ್ಕದು. ಎಂಡೋಸ್ಕೋಪಿ ಬಾಗಲಕೋಟೆಯಲ್ಲೇ ದಕ್ಕುತ್ತದೆ. ಕ್ಯಾನ್ಸರ್‌ಕಾರಕವೆಂದು 1994ರಲ್ಲೇ ಪಟ್ಟಿಗೆ ಸೇರಿದ ಹೆಲಿಕೋಬ್ಯಾಕ್ಟರ್ ಪೈಲೋರಿ ಜಠರದಲ್ಲಿದ್ದರೆ ಅದನ್ನೂ ಅಲ್ಲಿಯೇ ಪತ್ತೆಹಚ್ಚಬಹುದು. ನಡುವಯಸ್ಸು ದಾಟಿದವರಿಗೆ ಉರಿ ವಾರಗಟ್ಟಲೆ ತಗ್ಗದೆ, ತೂಕ ಇಳಿದು, ಮಲ ಕಪ್ಪಾದರೆ ಔಷಧಿ ಅಂಗಡಿಯವರು ಮತ್ತೊಂದು ಗುಳಿಗೆಯ ಪಟ್ಟಿ ಕೊಡದೆ ಬಾಗಲಕೋಟೆಯ ಬಸ್ಸು ಹತ್ತಲು ಹೇಳಲಿ. ಮಾವನಿಗೆ ಹಾಗೆ ಹೇಳುವವರಿರಲಿಲ್ಲ. ಓದಿದವನಾದ ನಾನೂ ಹೇಳಲಿಲ್ಲ.