ಲಿನಕ್ಸ್‌ನಲ್ಲಿ ಲೈಬ್ರರಿಗಳ ನೆಲೆ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ರಚಿಸುವವನು ಎಲ್ಲವನ್ನೂ ಮೊದಲಿನಿಂದ ಬರೆಯಬೇಕಾಗಿಲ್ಲ. ವರ್ಗಮೂಲವನ್ನು ಕಂಡುಹಿಡಿಯುವುದು, ತೆರೆಯ ಮೇಲೆ ಅಕ್ಷರಗಳನ್ನು ಮೂಡಿಸುವುದು, ಕಡತವನ್ನು ಕುಗ್ಗಿಸುವುದು ಮುಂತಾದ ಕೆಲಸಗಳಿಗೆ ಹಿಂದಿನವರು ಸಿದ್ಧಪಡಿಸಿಟ್ಟ ಸಂಗ್ರಹಗಳಿವೆ. ಇವಕ್ಕೆ ಲೈಬ್ರರಿಗಳೆಂದು ಹೆಸರು. ಇವುಗಳನ್ನು ಎಲ್ಲಿ ಇಡಬೇಕೆಂಬುದು ಕ್ಷುಲ್ಲಕ ಪ್ರಶ್ನೆಯಂತೆ ಕಾಣಬಹುದು. ಆದರೆ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿ, ಕ್ರಮವಿಧಿ ನಡೆಯುವುದೂ ನಿಲ್ಲುವುದೂ ಎಷ್ಟೋ ಸಲ ಇದನ್ನೇ ಅವಲಂಬಿಸಿರುತ್ತದೆ.

ಲೈಬ್ರರಿಗಳಲ್ಲಿ ಎರಡು ಬಗೆ. ಒಂದು ಸ್ಥಿರ ಲೈಬ್ರರಿ. ಅದರ ಕಡತದ ಹೆಸರು 'ಡಾಟ್ ಎ' ಎಂದು ಮುಗಿಯುತ್ತದೆ. ಇನ್ನೊಂದು ಚಲ ಲೈಬ್ರರಿ. ಅದರ ಹೆಸರಿನಲ್ಲಿ 'ಡಾಟ್ ಎಸ್‌ಓ' ಎಂದಿರುತ್ತದೆ. ಲಾಗರಿದಮ್ ಪಟ್ಟಿಯಿಂದ ಬೇಕಾದ ಸಾಲುಗಳನ್ನು ವಿದ್ಯಾರ್ಥಿಯೊಬ್ಬನು ತನ್ನ ಪುಸ್ತಕಕ್ಕೆ ನಕಲು ಮಾಡಿಕೊಂಡನೆನ್ನೋಣ. ಸ್ಥಿರ ಲೈಬ್ರರಿಯ ರೀತಿ ಅದು. ಮೇಜಿನ ಮೇಲಿರುವ ಒಂದೇ ಪಟ್ಟಿಯನ್ನು ಎಲ್ಲರೂ ಬೇಕಾದಾಗ ತೆರೆದು ನೋಡುವುದು ಚಲ ಲೈಬ್ರರಿಯ ರೀತಿ.

ಮೂಲ ಪಟ್ಟಿಯಲ್ಲೇ ತಪ್ಪಿದ್ದರೆ? 2002ರಲ್ಲಿ ಹೀಗೇ ಆಯಿತು. ಕಡತಗಳನ್ನು ಕುಗ್ಗಿಸುವ ಝಡ್‌ಲಿಬ್ ಎಂಬ ಲೈಬ್ರರಿಯು ಸ್ಮೃತಿಯ ಒಂದೇ ಭಾಗವನ್ನು ಎರಡು ಸಲ ಬಿಟ್ಟುಕೊಡಬಹುದಾದ ದೋಷ ಪತ್ತೆಯಾಯಿತು. ಚಲ ರೂಪವನ್ನು ಬಳಸುತ್ತಿದ್ದ ಕ್ರಮವಿಧಿಗಳಿಗೆ ಒಂದು ಕಡತವನ್ನು ಬದಲಿಸಿ, ಅವುಗಳನ್ನು ಮರಳಿ ಆರಂಭಿಸಿದರೆ ಸಾಕಾಗಿತ್ತು. ನಕಲನ್ನು ಒಡಲಲ್ಲಿ ಇಟ್ಟುಕೊಂಡಿದ್ದವುಗಳನ್ನಾದರೋ ಒಂದೊಂದಾಗಿ ಹುಡುಕಿ, ಮರಳಿ ಕಟ್ಟಬೇಕಾಯಿತು. ಹುಡುಕುವುದೇ ಕಷ್ಟ, ನಕಲು ತನ್ನ ಇರವನ್ನು ಹೊರಗೆ ತೋರಿಸಿಕೊಳ್ಳುವುದಿಲ್ಲ.

ಇನ್ನು ಸ್ಥಳದ ವಿಚಾರ. ಕಡತಗಳ ನೆಲೆಯನ್ನು ಗೊತ್ತುಪಡಿಸುವ ನಿಯಮಾವಳಿಯೊಂದು 1994ರಲ್ಲಿ ಮೊದಲು ಪ್ರಕಟವಾಯಿತು. ಅದರ ಪರಿಷ್ಕೃತ ಮೂರನೆಯ ಆವೃತ್ತಿ 2015ರಲ್ಲಿ ಬಂದಿತು. ಇದರಂತೆ '/ಯುಎಸ್‌ಆರ್/ಲಿಬ್' ಎಂಬ ಕೋಶವು ಲಿನಕ್ಸ್ ವಿತರಣೆಯೊಡನೆ ಬರುವ ಲೈಬ್ರರಿಗಳಿಗೆ ಮೀಸಲು. ತಾನೇ ಕಟ್ಟಿದ ಲೈಬ್ರರಿಯನ್ನು ಅಲ್ಲಿ ಇಡುವುದು ವಿವೇಕವಲ್ಲ; ಮುಂದಿನ ನವೀಕರಣವು ಅದನ್ನು ಅಳಿಸಿ ತನ್ನದನ್ನು ಇಟ್ಟೀತು. ಅಂಥವಕ್ಕೆ '/ಯುಎಸ್‌ಆರ್/ಲೋಕಲ್/ಲಿಬ್' ತಕ್ಕ ಸ್ಥಳ. ಸ್ಥಿರವಾಗಲಿ ಚಲವಾಗಲಿ, ಎರಡಕ್ಕೂ ಕೋಶ ಒಂದೇ. 64 ಬಿಟ್ ಯಂತ್ರಗಳಲ್ಲಿ ಫೆಡೋರಾ ವಿತರಣೆಯು 'ಲಿಬ್64' ಎಂಬ ಬೇರೆ ಕೋಶವನ್ನು ಬಳಸಿದರೆ, ಡೆಬಿಯನ್ ವಿತರಣೆಯು 'ಲಿಬ್'ನ ಒಳಗೆ ಯಂತ್ರದ ಹೆಸರಿನ ಉಪಕೋಶವನ್ನು ಮಾಡಿಕೊಂಡಿದೆ.

ಕೋಶ ಒಂದೇ ಆದರೂ ಅಲ್ಲಿಗೆ ಹುಡುಕಿಕೊಂಡು ಬರುವವರು ಇಬ್ಬರು. ಕ್ರಮವಿಧಿಯನ್ನು ಕಟ್ಟುವಾಗ ಬರುವವನು ಜೋಡಕ; ಅದನ್ನು ನಡೆಸುವಾಗಲೆಲ್ಲ ಬರುವವನು ವಾಹಕ. ಸ್ಥಿರ ಲೈಬ್ರರಿಗೆ ಜೋಡಕನೊಬ್ಬನೇ ಸಾಕು. ಕ್ರಮವಿಧಿ ಸಿದ್ಧವಾದ ಮೇಲೆ ಆ ಲೈಬ್ರರಿಯನ್ನು ಅಳಿಸಿಹಾಕಿದರೂ ಬಾಧಕವಿಲ್ಲ. ಚಲ ಲೈಬ್ರರಿಯಾದರೋ ವಾಹಕನಿಗೆ ಪ್ರತಿ ಸಲವೂ ಸಿಗಬೇಕು. ಅವನು ಮುಖ್ಯವಾಗಿ ನೆಚ್ಚುವುದು ಮೊದಲೇ ತಯಾರಾದ ಒಂದು ಸೂಚಿಯನ್ನು. ಹೊಸ ಲೈಬ್ರರಿಯನ್ನು ಲೋಕಲ್ ಕೋಶದಲ್ಲಿಟ್ಟು ಸೂಚಿಯನ್ನು ನವೀಕರಿಸದಿದ್ದರೆ, ಕ್ರಮವಿಧಿ ತೊಡಕಿಲ್ಲದೆ ಸಿದ್ಧವಾಗುತ್ತದೆ, ನಡೆಸಹೋದಾಗ ಲೈಬ್ರರಿ ಸಿಗಲಿಲ್ಲವೆಂದು ನಿಂತುಬಿಡುತ್ತದೆ. ಕಡತ ಕಣ್ಣೆದುರಿಗೇ ಇರುವುದರಿಂದ ಹೊಸಬರು ಇಲ್ಲಿ ದಿಕ್ಕು ತಪ್ಪುವುದುಂಟು. 'ಎಲ್‌ಡಿ-ಕಾನ್ಫಿಗ್' ಎಂಬ ಆದೇಶವು ಸೂಚಿಯನ್ನು ಹೊಸದಾಗಿ ಬರೆಯುತ್ತದೆ. ಕೋಶದ ಹೆಸರು ಅದರ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲು ಸೇರಿಸಬೇಕು.

ಆಡಳಿತಾಧಿಕಾರವಿಲ್ಲದ ಬಳಕೆದಾರನು ಲೈಬ್ರರಿಯನ್ನು ತನ್ನ ಸ್ವಂತ ಕೋಶದಲ್ಲೇ ಇಟ್ಟುಕೊಂಡು, 'ಎಲ್‌ಡಿ ಲೈಬ್ರರಿ ಪಾತ್' ಎಂಬ ಸೂಚನೆಯ ಮೂಲಕ ವಾಹಕನಿಗೆ ದಾರಿ ತೋರಿಸಬಹುದು. ಆದರೆ ಬಳಕೆದಾರನಿಗಿಂತ ಹೆಚ್ಚಿನ ಅಧಿಕಾರದಿಂದ ನಡೆಯುವ ಕ್ರಮವಿಧಿಗಳಲ್ಲಿ ವಾಹಕನು ಈ ಸೂಚನೆಯನ್ನು ಲೆಕ್ಕಿಸುವುದಿಲ್ಲ. ಲೆಕ್ಕಿಸಿದ್ದರೆ, ಕೇಡಿಗನೊಬ್ಬನು ಅದೇ ಹೆಸರಿನ ಕೃತಕ ಲೈಬ್ರರಿಯನ್ನು ತನ್ನ ಕೋಶದಲ್ಲಿಟ್ಟು ಇಡೀ ಯಂತ್ರವನ್ನು ಕೈವಶ ಮಾಡಿಕೊಳ್ಳಬಹುದಾಗಿತ್ತು.