ಕ್ಲೋರಿನ್ ಒಂದನ್ನೇ ದೂರಿದರೆ

ಬಾಟಲಿಗೆ ನೀರು ಹಾಕಿ, ಮೇಲೆ ಒಂದಿಷ್ಟು ಜಾಗ ಬಿಟ್ಟು, ಬಿಗಿಯಾಗಿ ಮುಚ್ಚಿ ಬೆಚ್ಚಗಾಗಿಸಿದರೆ ನೀರಿನೊಳಗಿನ ಆವಿಯಾಗಬಲ್ಲ ವಸ್ತುಗಳು ಆ ಜಾಗಕ್ಕೆ ಏರುತ್ತವೆ. ಆ ಗಾಳಿಯನ್ನು ಸೂಜಿಯಲ್ಲಿ ಎಳೆದು ಪರೀಕ್ಷಿಸಿದ ರಾಟರ್‌ಡ್ಯಾಮ್ ನೀರು ಸರಬರಾಜು ಸಂಸ್ಥೆಯ ರಸಾಯನ ವಿಜ್ಞಾನಿ ಯೋಹಾನೆಸ್ ರೂಕ್, ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕ್ಲೋರೋಫಾರ್ಮ್ ಹುಟ್ಟುತ್ತದೆಂದು 1974ರಲ್ಲಿ ಪ್ರಕಟಿಸಿದರು. ಆ ನೀರಿನ ಮೂಲವಾದ, ಕಾರ್ಖಾನೆಗಳ ಹೊಲಸು ಹೊತ್ತು ಬರುತ್ತಿದ್ದ ರೈನ್ ನದಿಯ ಮೇಲೆ ಯಾರಿಗಾದರೂ ಗುಮಾನಿ ಬರಬೇಕು. ಆದರೆ ಜೌಗು ನೆಲದ ಪೀಟ್ ಮಣ್ಣಿನ ಕಂದು ರಸಕ್ಕೆ ಕ್ಲೋರಿನ್ ಹಾಕಿದಾಗಲೂ ಅದೇ ವಸ್ತುಗಳು ಬಂದವು. ಎಲೆ, ಬೇರು, ಪಾಚಿ ಕೊಳೆತು ನೀರಿಗಿಳಿಯುವ ಸಾವಯವ ಅಂಶದೊಡನೆ ಕ್ಲೋರಿನ್ ವರ್ತಿಸಿ ಟ್ರೈಹ್ಯಾಲೋಮೀಥೇನ್‌ಗಳು ತಯಾರಾಗುತ್ತವೆ, ಕ್ಲೋರೋಫಾರ್ಮ್ ಅವುಗಳಲ್ಲೊಂದು.

ಹಾಗಾದರೆ ಮೊದಲು ಕೈ ಹಾಕಬೇಕಾದದ್ದು ಕ್ಲೋರಿನ್ನಿಗಲ್ಲ, ಅದಕ್ಕೆ ಸಿಗುವ ಕೊಳೆತ ಸರಕಿಗೆ. ಆಲಂ ಹಾಕಿ ಕೆಸರು ತಳಕ್ಕಿಳಿಸಿ, ಸೋಸಿ, ಆಮೇಲೆ ಕ್ಲೋರಿನ್ ಕೊಟ್ಟರೆ ಈ ಉಪವಸ್ತುಗಳು ಗಣನೀಯವಾಗಿ ತಗ್ಗುತ್ತವೆ. ಕ್ಯಾನ್ಸರಿನ ಭಯವಿರುವಾಗ ತಗ್ಗಿಸಿದರೆ ಸಾಲದು, ಕ್ಲೋರಿನ್ನೇ ಬೇಡ ಎನ್ನುವವರಿದ್ದಾರೆ. ಭಯ ಆಧಾರವಿಲ್ಲದ್ದಲ್ಲ. ಭಾರೀ ಪ್ರಮಾಣದಲ್ಲಿ ಕ್ಲೋರೋಫಾರ್ಮ್ ಕೊಟ್ಟ ಇಲಿಗಳ ಯಕೃತ್ತು, ಮೂತ್ರಪಿಂಡಗಳಲ್ಲಿ ಗೆಡ್ಡೆಗಳು ಕಂಡಿವೆ. ದಶಕಗಟ್ಟಲೆ ಇಂಥ ನೀರು ಕುಡಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ತುಸು ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ, ಆದರೆ ಅದಕ್ಕೆ ಇದೇ ಕಾರಣವೆಂದು ಸಾಬೀತಾಗಿಲ್ಲ. ಕ್ಲೋರಿನ್ ಬಿಟ್ಟರೆ ಹರಡುವ ಕಾಲರಾ, ಟೈಫಾಯಿಡ್‌ಗಳಿಗೆ ದಶಕ ಬೇಡ, ಕೆಲವೇ ದಿನ, ವಾರಗಳು ಸಾಕು. ವಿಶ್ವ ಆರೋಗ್ಯ ಸಂಸ್ಥೆಯೂ ಉಪವಸ್ತುಗಳಿಗೆ ಮಿತಿ ಸೂಚಿಸುತ್ತಲೇ, ಆ ನೆಪದಲ್ಲಿ ಸೋಂಕು ನಿವಾರಣೆ ಸಡಿಲವಾಗಕೂಡದೆಂದು ಎಚ್ಚರಿಸುತ್ತದೆ.

ರೂಕ್ ಅವರ ನೆದರ್ಲೆಂಡ್ಸೇ ಈಗ ಪೈಪಿನಲ್ಲಿ ಕ್ಲೋರಿನ್ ಉಳಿಸದೆ ನೀರು ಕೊಡುತ್ತಿದೆಯಲ್ಲ, ನಮಗೇಕಾಗದು? ಇದು ಗಟ್ಟಿ ಆಕ್ಷೇಪ. ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಸಾವಯವ ಅಂಶವನ್ನು ಮೊದಲೇ ತೆಗೆದಿರುತ್ತಾರೆ; ಸೋರಿಕೆ ತೀರ ಕಡಿಮೆ; ಪೈಪಿನಲ್ಲಿ ಹಗಲಿರುಳೂ ಒತ್ತಡವಿರುತ್ತದೆ. ದಿನ ಬಿಟ್ಟು ದಿನ ನೀರು ಬಿಡುವ ನಮ್ಮ ಊರುಗಳಲ್ಲಿ ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತದೆ, ಬಿರುಕಿದ್ದಲ್ಲಿ ಪಕ್ಕದ ಚರಂಡಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ನೀರು ಶುದ್ಧೀಕರಣ ಘಟಕದಲ್ಲಿ ಎಷ್ಟೇ ಚೊಕ್ಕ ಮಾಡಿ ಕಳಿಸಿದ್ದರೂ ಅಲ್ಲಿಂದಾಚೆಗೆ ಕಾವಲಿಗಿರುವುದು ಉಳಿಕೆ ಕ್ಲೋರಿನ್ ಮಾತ್ರ. ಭಾರತೀಯ ಮಾನಕ ಅದನ್ನು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಲಿ ಎನ್ನುತ್ತದೆ. ಕ್ಲೋರೋಫಾರ್ಮ್ ಗರಿಷ್ಠ 0.2 ಮಿಲಿಗ್ರಾಂ ದಾಟಬಾರದು ಎನ್ನುವುದೂ ಅದೇ ಮಾನಕ. ಮಳೆಗಾಲದ ಕೆಂಪು ನೀರು ಬಂದಾಗ ಜಾರ್‌ಗಳಲ್ಲಿ ಬೇರೆ ಬೇರೆ ಪ್ರಮಾಣದ ಆಲಂ ಹಾಕಿ ನೋಡುವ ಜಾರ್ ಟೆಸ್ಟ್ ಮಾಡಿ ಹದ ಹಿಡಿಯುವ ಘಟಕಕ್ಕೆ ಎರಡೂ ಎಟುಕುತ್ತವೆ.