ಮದ್ದಿಗೂ ಗುಂಡಿಗೂ ನಡುವಿನ ಕಾಗದ

ಕಡೂರು, ಅಜ್ಜಂಪುರ, ತರೀಕೆರೆ ಅಕ್ಕಪಕ್ಕದ ತಾಲ್ಲೂಕುಗಳಾದರೂ ನೆಲದ ಗುಣ ಒಂದೇ ಅಲ್ಲ. ಕಡೂರು, ಅಜ್ಜಂಪುರದ ಕಡೆ ಬಯಲು: ರಾಗಿ, ಈರುಳ್ಳಿ, ತೆಂಗು, ನಡುನಡುವೆ ಹುಲ್ಲಿನ ಕಾವಲು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ದಾರಿ ಹಿಡಿದರೆ ತೋಟದ ಬೇಲಿಗೇ ಕಾಡು ತಾಗಿಕೊಂಡಿರುತ್ತದೆ. ಕಪ್ಪು ಮದ್ದಿನ ಕಾಲದ ಗುರುತು ಈ ಎರಡೂ ನೆಲದ ಮೇಲಿದೆ. ಬಯಲು ಫಿರಂಗಿ ಎಳೆಯುವ ಎತ್ತುಗಳನ್ನು ಸಾಕಿತು. ಕಾಡಂಚು ಕೇಪಿನ ಕೋವಿಯನ್ನು ಇಟ್ಟುಕೊಂಡಿತು.

ಕೇಪಿನ ಕೋವಿಯನ್ನು ಗೋಡೆಯ ಮೇಲೆ ನೋಡಿದವರು ಬಹಳ ಮಂದಿ. ಅದಕ್ಕೆ ಈಡು ತುಂಬುವುದನ್ನು ಕಣ್ಣಾರೆ ಕಂಡವರು ಕಡಿಮೆಯಾಗುತ್ತಿದ್ದಾರೆ. ತೋಟಾ ಕೋವಿಯಲ್ಲಿ ಮದ್ದು, ಚರೆ, ಕೇಪು ಮೂರೂ ಒಂದೇ ಕೊಳವೆಯಲ್ಲಿ ಕಾರ್ಖಾನೆಯಿಂದಲೇ ತಯಾರಾಗಿ ಬರುತ್ತವೆ. ಕೋವಿ ಮಡಚಿ ತುರುಕಿದರೆ ಮುಗಿಯಿತು. ಕೇಪಿನ ಕೋವಿಗೆ ಪ್ರತಿ ಈಡನ್ನೂ ನಳಿಗೆಯ ಬಾಯಿಂದ, ಕೈಯಲ್ಲೇ ಕಟ್ಟಬೇಕು. ಮೊದಲ ಕೆಲಸ ಮದ್ದು ಹಾಕುವುದಲ್ಲ, ಗಜ, ಅಂದರೆ ಜಡಿಯುವ ಸಲಾಕೆ, ಇಳಿಸುವುದು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದಕ್ಕೆ ಅದರ ಮೇಲೆ ಒಂದು ಗೀರು ಇರುತ್ತದೆ. ಗೀರು ಬಾಯಿಗೆ ಸರಿಯಾಗಿ ನಿಂತರೆ ಒಳಗೆ ಏನೂ ಇಲ್ಲ. ಮೇಲೆ ನಿಂತರೆ ಹಳೆಯ ಈಡು ಕೂತಿದೆ. ಮರೆತ ಈಡಿನ ಮೇಲೆ ಇನ್ನೊಂದು ಈಡು ತುಂಬಿ ಸುಟ್ಟರೆ ನಳಿಗೆ ಸಿಡಿದು ಕೈಗಳೇ ಹೋಗುತ್ತವೆ. ಆ ಒಂದು ಗೀರು ಎಷ್ಟು ಜನರನ್ನು ಉಳಿಸಿದೆಯೋ.

ಆಮೇಲೆ ಅಳತೆಯ ಮದ್ದು. ಅದರ ಮೇಲೆ ಕತ್ತ, ಅಂದರೆ ತೆಂಗಿನ ನಾರಿನ ಉಂಡೆ. ಅದನ್ನು ಗಜದಿಂದ ಗಟ್ಟಿಯಾಗಿ ಜಡಿಯಬೇಕು. ಅದರ ಮೇಲೆ ಚರೆ ಅಥವಾ ಗುಂಡು. ಕೋವಿ ಬಗ್ಗಿಸಿದಾಗ ಚರೆ ಉರುಳಿ ಬೀಳದಂತೆ ಮೇಲೆ ಇನ್ನೊಂದು ಹಗುರ ಕತ್ತ. ಏಟು ಬಿದ್ದರೆ ಕಿಡಿ ಕಾರುವ ಪುಟ್ಟ ಕೇಪು ಕಟ್ಟಕಡೆಗೆ. ನಳಿಗೆಯ ಬುಡದ ಮೊಳೆಯ ಮೇಲೆ ಕೇಪು ಕೂರುವವರೆಗೆ ಅದು ಮದ್ದು ತುಂಬಿದ ಕಬ್ಬಿಣದ ಕೊಳವೆ ಮಾತ್ರ. ಕೇಪು ಕೂತ ಮೇಲೆ ಕುದುರೆಯ, ಅಂದರೆ ಕೋವಿಯ ಸುತ್ತಿಗೆಯ, ಒಂದೇ ಏಟು ಸಾಕು. ಈ ಕ್ರಮದಲ್ಲಿ ಯಾವುದನ್ನೂ ಹಿಂದುಮುಂದು ಮಾಡುವ ಹಾಗಿಲ್ಲ. ಗುಂಡು ಮದ್ದಿನ ಹತ್ತಿರದವರೆಗೆ ಇಳಿಯದೆ ನಡುವೆ ಟೊಳ್ಳು ಉಳಿದರೂ ನಳಿಗೆ ಸೀಳಬಹುದು. ಹೊಗೆಯಿಲ್ಲದ ಈಗಿನ ಮದ್ದನ್ನು ಈ ಕೋವಿಗೆ ಹಾಕುವುದಂತೂ ಸಾವನ್ನೇ ಕರೆದಂತೆ. ಅದರ ಒತ್ತಡ ತಡೆಯಲು ಹಳೆಯ ನಳಿಗೆ ಹುಟ್ಟಿಲ್ಲ.

ಈ ಸಾಲಿನಲ್ಲಿ ನನ್ನ ಗಮನ ಹಿಡಿದು ನಿಲ್ಲಿಸುವುದು ಕತ್ತ. ಕೋವಿಯ ಮಾತು ಬಂದಾಗ ಎಲ್ಲರೂ ಮದ್ದಿನ ಬಲ, ಗುಂಡಿನ ತೂಕ ಹೇಳುತ್ತಾರೆ. ನಡುವೆ ಕೂತದ್ದನ್ನು ಯಾರೂ ಹೇಳುವುದಿಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಮದ್ದು ಉರಿದಾಗ ಹುಟ್ಟುವ ಅನಿಲ ಗುಂಡಿನ ಸುತ್ತಲಿನ ಸಂದಿಯಿಂದ ಸೋರಿಹೋದರೆ ಗುಂಡಿಗೆ ವೇಗ ಬಾರದು. ಸಂದಿ ಮುಚ್ಚುವುದು ಕತ್ತ. ತೋಟದಲ್ಲಿ ಕಾಲಿಗೆ ತೊಡರುವ ಮಟ್ಟೆಯಿಂದ ಬಿಡಿಸಿದ ನಾರು, ಮದ್ದಿನ ಶಕ್ತಿಯನ್ನು ಹಿಡಿದು ಗುಂಡಿಗೆ ದಾಟಿಸುತ್ತದೆ.

ಫಿರಂಗಿಗೂ ಇದೇ ಕ್ರಮ: ಮದ್ದು, ಜಡಿಯುವ ಉಂಡೆ, ಗುಂಡು. ಆದರೆ ಫಿರಂಗಿಯನ್ನು ಹೆಗಲ ಮೇಲೆ ಹೊತ್ತು ನಡೆಯಲಾಗದು, ಎಳೆಯಲು ಎತ್ತು ಬೇಕು. ಕಡೂರು, ಅಜ್ಜಂಪುರದ ಕಾವಲುಗಳು ಚರಿತ್ರೆಗೆ ಬರುವುದು ಇಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ, ಹೈದರಾಲಿಯ ಕೈಯಲ್ಲಿ ಸೈನ್ಯದ ಎತ್ತುಗಳ ಇಲಾಖೆಯಾಗಿ ಬೆಳೆದು, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಎಂಬ ಹೆಸರು ಪಡೆಯಿತು. ಚಿದಂಬರದ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗ್ಯಾಸೆಟಿಯರುಗಳು ದಾಖಲಿಸಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳು ಬ್ರಿಟಿಷರ ಪಾಲಾದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ, ಸ್ಪೇನಿನಲ್ಲಿ ನೆಪೋಲಿಯನ್ನನ ಸೈನ್ಯದೆದುರು ಹೋರಾಡುವಾಗ ಈ ಎತ್ತುಗಳು ಜೊತೆಗಿಲ್ಲವಲ್ಲ ಎಂದು ಹಳಹಳಿಸಿದ್ದ. ಖರ್ಚು ಹೆಚ್ಚೆಂದು 1860ರಲ್ಲಿ ಸರ್ಕಾರ ಇಲಾಖೆಯನ್ನೇ ಮುಚ್ಚಿ ರಾಸುಗಳನ್ನು ಮಾರಿತು. ಸೈನ್ಯಕ್ಕೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಹಿಂದಕ್ಕೆ ಬಾಗಿ ಮೇಲೇಳುವ ಉದ್ದ ಕೊಂಬಿನ ಆ ತಳಿ ಇಂದಿಗೂ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಉಳಿದಿದೆ.

ಬಂದೂಕಿನ ಕಡೆಗೆ ತಿರುಗೋಣ. ಕೇಪಿನ ಕೋವಿಯ ನಳಿಗೆ ಒಳಗೆ ನುಣುಪು. ರೈಫಲ್ಲಿನ ನಳಿಗೆಯಲ್ಲಿ ಸುರುಳಿ ಗೀರುಗಳಿವೆ. ಅವು ಗುಂಡನ್ನು ತಿರುಗಿಸಿ ಬಿಡುತ್ತವೆ. ತಿರುಗುವ ಗುಂಡು ದಾರಿ ತಪ್ಪದೆ ದೂರ ಹೋಗುತ್ತದೆ. ತೊಂದರೆ ಹುಟ್ಟುವುದು ಸೀಸದಿಂದ. ಮೆತ್ತಗಿನ ಲೋಹ ಗೀರಿಗೆ ಉಜ್ಜಿ ಅಂಟಿಕೊಳ್ಳುತ್ತದೆ. ಕಪ್ಪು ಮದ್ದಿನ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಹೊಗೆಯಾಗಿ, ಮಸಿಯಾಗಿ ಉಳಿಯುವುದರಿಂದ ನಾಲ್ಕಾರು ಈಡಿಗೇ ನಳಿಗೆ ಕಟ್ಟುತ್ತದೆ. ಇದಕ್ಕೆ ಹತ್ತೊಂಬತ್ತನೆಯ ಶತಮಾನದ ಬಂದೂಕುಗಾರರು ಕಂಡುಕೊಂಡ ಪರಿಹಾರ ಕಾಗದ.

ಕಾಗದ ಸುತ್ತಿದ ಗುಂಡನ್ನು ತಯಾರಿಸುವುದು ನಿಧಾನದ ಕೈಕೆಲಸ. ನಳಿಗೆಯ ಅಳತೆಗಿಂತ ತುಸು ಸಣ್ಣದಾಗಿ ಗುಂಡನ್ನು ಎರಕ ಹೊಯ್ಯುತ್ತಾರೆ. ಉಳಿದ ಜಾಗವನ್ನು ಕಾಗದ ತುಂಬಬೇಕು. ಹತ್ತಿಯ ಚಿಂದಿಯಿಂದ ಮಾಡಿದ ತೆಳು, ಗಟ್ಟಿ ಕಾಗದ ಬೇಕು. ಅದನ್ನು ಎರಡು ಸುತ್ತಿಗೆ ಸರಿಯಾಗಿ, ಎರಡೂ ತುದಿ ಓರೆಯಾಗಿ ಬರುವಂತೆ ಕತ್ತರಿಸುತ್ತಾರೆ. ಸುತ್ತಿದಾಗ ಓರೆ ತುದಿಗಳು ಒಂದರ ಪಕ್ಕ ಒಂದು ಕೂರಬೇಕು. ಒಂದರ ಮೇಲೊಂದು ಏರಿದರೆ ಅಲ್ಲಿ ಉಬ್ಬು. ನಡುವೆ ಬಿರುಕು ಬಿಟ್ಟರೆ ಅಲ್ಲಿ ಸೀಸ ಬರಿದು. ನೀರಲ್ಲಿ ಒದ್ದೆ ಮಾಡಿದ ಚೂರನ್ನು ಬೀಡಿ ಸುತ್ತಿದ ಹಾಗೆ ಬೆರಳಿನಿಂದ ಬಿಗಿಯಾಗಿ ಉರುಳಿಸಿ, ಉಳಿದ ಬಾಲವನ್ನು ಗುಂಡಿನ ತಳಕ್ಕೆ ಮಡಚುತ್ತಾರೆ. ಒಣಗಿದಾಗ ಕಾಗದ ಕುಗ್ಗಿ ಗುಂಡನ್ನು ಕಚ್ಚಿಕೊಳ್ಳುತ್ತದೆ. ಅಂಟು ಬೇಕಾಗುವುದಿಲ್ಲ. ಅಂಟು ಹಾಕುವುದೇ ತಪ್ಪು, ಏಕೆಂದರೆ ನಳಿಗೆಯ ಬಾಯಿ ದಾಟಿದ ಕೂಡಲೇ ಕಾಗದ ಚೂರುಚೂರಾಗಿ ಉದುರಿಹೋಗಬೇಕು. ಗುಂಡಿಗೆ ಅಂಟಿ ಹೋದ ಕಾಗದ ಗುರಿಯನ್ನು ಎಳೆದು ಬೇರೆಡೆ ಹಾಕುತ್ತದೆ. ಬಲ್ಲವರು ಗುರಿಹಲಗೆಗಿಂತ ಮೊದಲು ನೆಲ ನೋಡುತ್ತಾರೆ: ನಳಿಗೆಯ ಮುಂದೆ ಬಿದ್ದ ಚೂರುಗಳು ಗೀರಿನ ಅಚ್ಚಿನಲ್ಲಿ ಶುದ್ಧವಾಗಿ ಸೀಳಿದ್ದರೆ ಕೆಲಸ ಸರಿಯಾಗಿದೆ, ಸುಟ್ಟು ಕಪ್ಪಾಗಿದ್ದರೆ ಅನಿಲ ಸೋರಿದೆ.

ಇಷ್ಟು ತಿಳಿದ ಮೇಲೆ 1857ರ ಪಾಠ ಬೇರೆಯದೇ ಅರ್ಥ ಕೊಡುತ್ತದೆ. ಕೊಬ್ಬು ಸವರಿದ ತೋಟಾ ಎಂದು ಶಾಲೆಯಲ್ಲಿ ಓದಿದ್ದೇವೆ. ಕೊಬ್ಬು ಏಕೆ ಸವರಿದ್ದರು ಎಂದು ಯಾರೂ ಹೇಳಿಕೊಡಲಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ತೋಟಾ ಕಾಗದದ್ದು. ಒಂದು ತುದಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕು. ಆಮೇಲೆ ಇನ್ನೊಂದು ತುದಿಯಲ್ಲಿದ್ದ ಗುಂಡನ್ನು ಕಾಗದದ ಸಮೇತ ಒಳಗೆ ತುರುಕಬೇಕು. ಆ ಕಾಗದವೇ ಗುಂಡಿನ ಹೊದಿಕೆ. ಮಸಿ ಕಟ್ಟಿದ ನಳಿಗೆಯಲ್ಲಿ ಅದು ಸರಾಗವಾಗಿ ಇಳಿಯಲು ಜಿಡ್ಡು ಬೇಕೇಬೇಕು. ಹಸುವಿನ, ಹಂದಿಯ ಕೊಬ್ಬೆಂಬ ಸುದ್ದಿ ಹಬ್ಬಿದ ಮೇಲೆ ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನೇ ಹಚ್ಚಿಕೊಳ್ಳಲಿ ಎಂದು ಅಧಿಕಾರಿಗಳು ಹೇಳಿದರು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಆಯುಧ ಒಪ್ಪಿಸಿ ಎಂಬ ಆಜ್ಞೆಗೆ ಮಣಿಯದ ಮುಧೋಳ ಸೀಮೆಯ ಹಲಗಲಿಯ ಬೇಡರು ಪ್ರಾಣ ತೆತ್ತರು. ಕೋವಿ ಇಟ್ಟುಕೊಳ್ಳಲು ಸರ್ಕಾರದ ಅಪ್ಪಣೆ ಬೇಕೆಂಬ ಪದ್ಧತಿ ಬೇರೂರಿದ್ದು ಆ ಕಾಲದಲ್ಲೇ. ಕೊಡವರಿಗೆ ಮಾತ್ರ ಆಗಲೇ ವಿನಾಯಿತಿ ಸಿಕ್ಕಿತು, ಅದು ಇಂದಿಗೂ ನಡೆದಿದೆ.

1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದ ಮಾರ್ಟಿನಿ-ಹೆನ್ರಿಗೆ ಲೋಹದ ತೋಟಾ, ಆದರೆ ಗುಂಡಿಗೆ ಅದೇ ಕಾಗದದ ಸುತ್ತು. 31 ಗ್ರಾಂ ಸೀಸದ ಗುಂಡು, ಐದೂವರೆ ಗ್ರಾಂ ಕಪ್ಪು ಮದ್ದು, ಎರಡರ ನಡುವೆ ಜೇನುಮೇಣದ ಬಿಲ್ಲೆ. ಕತ್ತದ ಸ್ಥಾನಕ್ಕೆ ಮೇಣ ಬಂದಿತ್ತು. 1874ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿನವರೂ ಅಮೆರಿಕದವರೂ 800, 900, 1000 ಗಜ ದೂರದ ಗುರಿಗೆ ಪಂಥ ಕಟ್ಟಿದರು. ಐರಿಷರದು ಬಾಯಿಂದ ತುಂಬುವ ರೈಫಲ್, ಅಮೆರಿಕದವರದು ಹಿಂದಿನಿಂದ ತುಂಬುವುದು. ಅಮೆರಿಕ 934, ಐರ್ಲೆಂಡ್ 931. ಐರಿಷರಲ್ಲೊಬ್ಬನ ಒಂದು ಗುಂಡು ಪಕ್ಕದ ಹಲಗೆಗೆ ಬಿದ್ದು ಲೆಕ್ಕಕ್ಕೆ ಸೇರಲಿಲ್ಲ. ಇಂದಿಗೂ ಹಲವು ದೇಶಗಳಲ್ಲಿ ಕಪ್ಪು ಮದ್ದಿನ ರೈಫಲ್ ಸ್ಪರ್ಧೆಗಳು ನಡೆಯುತ್ತವೆ, ಅಲ್ಲಿ ಕಾಗದ ಸುತ್ತುವವರು ಇದ್ದೇ ಇದ್ದಾರೆ.

ನಮ್ಮ ಕಾಡಂಚಿನಲ್ಲಿ ಅಂಥ ಕ್ರೀಡೆ ಇಲ್ಲ. ಇರುವುದು ಬೆಳೆ ರಕ್ಷಣೆಯ ಪರವಾನಗಿ, ಚುನಾವಣೆ ಬಂದರೆ ಠಾಣೆಗೆ ಕೋವಿ ಒಪ್ಪಿಸಿ ಬರುವ ಕೆಲಸ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ಅಪರಾಧ, ಅದು ಹಾಗಿರಬೇಕಾದದ್ದೇ. ಲಕ್ಕವಳ್ಳಿಯ ಕಡೆ ಭದ್ರಾ ಹುಲಿ ಮೀಸಲು ಪ್ರದೇಶ ಬೆಳೆದಿರುವಾಗ, ಕಡೂರಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿಗೆಂದೇ ಸಂರಕ್ಷಿತ ಜಾಗ ಆಗಿರುವಾಗ, ಕೋವಿಯ ಹಳೆಯ ದಿನಗಳು ಮರಳಬೇಕಿಲ್ಲ. ಆದರೆ ಈಡು ತುಂಬುವ ವಿದ್ಯೆಯನ್ನು ಬಲ್ಲ ಹಿರಿಯರ ಬಾಯಿಂದ ಬರೆದುಕೊಳ್ಳಲು ಕಾಯ್ದೆ ಅಡ್ಡ ಬರುವುದಿಲ್ಲ. ಗಜದ ಗೀರು, ಕತ್ತದ ಗಾತ್ರ, ಮಳೆಗಾಲದಲ್ಲಿ ಮದ್ದನ್ನು ಥಂಡಿಯಿಂದ ಕಾಯುವ ಬಗೆ, ಈಡು ಹೊಡೆದ ಸಂಜೆಯೇ ಬಿಸಿನೀರು ಸುರಿದು ಮಸಿ ತೊಳೆದು ಎಣ್ಣೆ ಹಚ್ಚುವ ಶಿಸ್ತು: ಇವು ಯಾವ ಇಲಾಖೆಯ ಕಡತದಲ್ಲೂ ಇಲ್ಲ.

ಕಪ್ಪು ಮದ್ದಿನ ಕಾಲದ ಸಾಮಾನನ್ನು ಕಣ್ಣಿಂದ ನೋಡಬೇಕೆನ್ನುವವರು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯಕ್ಕೆ ಹೋಗಬಹುದು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಆ ಸಂಗ್ರಹ ಸೇರಿವೆ. ಫಿರಂಗಿ ಎಳೆದ ಎತ್ತುಗಳ ವಂಶವನ್ನು ನೋಡುವ ಆಸೆಯಿದ್ದರೆ ಬೀರೂರಿನಲ್ಲಿ ಅಮೃತ್ ಮಹಲ್ ಹೋರಿಗಳ ಹರಾಜು ನಡೆಯುವ ದಿನ ಕೇಳಿಕೊಂಡು ಹೊರಡಿ. ರೈತರು ದೂರದೂರದಿಂದ ಬಂದು ಪೈಪೋಟಿಯಲ್ಲಿ ಕೂಗುತ್ತಾರೆ.